ಬಸವನಿಗೆ ಮಂಗಳವಾರದ ಜ್ವರ

"ಇನ್ಮೇಲೆ ಈ ಲಾರಿ ರೋಗವ ಬೇರೆ ಯಾರೂ ಹುಡುಕ್‌ಬೇಡಿ. ನಾನೇ ಹುಡುಕ್ತೀನಿ!"

ಹೀಗೆಂದು ನಾನು ಘೋಷಿಸಿದ್ದು ಒಂದು ಗುರುವಾರದ ಸಂಜೆ, ಬೇಗೂರಿನ ನಮ್ಮ ಮನೆಯ ಜಗಲಿಯಲ್ಲಿ, ಅವರೆಕಾಯಿ ಬಿಡಿಸುತ್ತಾ. ಪುರಾಣಗಳಲ್ಲಿ ಯಾರಾದರೂ ಶಪಥ ಮಾಡಿದರೆ ಆಕಾಶದಿಂದ ಹೂಮಳೆ ಸುರಿಯುತ್ತದಂತೆ. ನನ್ನ ಶಪಥಕ್ಕೆ ಪಕ್ಕದಿಂದ ಒಂದು ಮಾತು ಸುರಿಯಿತು.

"ಕೈ ಬೀಸ್‌ಬ್ಯಾಡ ಕಣಮ್ಮಿ, ಸಿಪ್ಪೆಯೆಲ್ಲ ಕಾಳಿಗೆ ಬೀಳ್ತಾವೆ" ಎಂದರು ನಮ್ಮ ಅತ್ತೆ ದೊಡ್ಡಮಲ್ಲಮ್ಮ.

ಲಾರಿಯ ಬಾಗಿಲಿಗೆ ಒರಗಿ ನಿಂತಿದ್ದ ನಮ್ಮ ಯಜಮಾನರು ನಕ್ಕರು. ಆ ವಾರವಿಡೀ ಅವರ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

"ಸ್ಟೇರಿಂಗ್ ಯಾವ್ದು, ಸ್ಟೆಪ್ನಿ ಯಾವ್ದು ಅಂತಾದ್ರೂ ಗೊತ್ತಾ ನಿಂಗೆ?"

"ಗೊತ್ತು. ಒಂದು ಇಡೀ ಗಾಡೀನ ದಾರಿಗೆ ತರ್ತದೆ, ಅದು ನಾನು. ಇನ್ನೊಂದು ಕೆಲ್ಸ ಇಲ್ದೆ ಹಿಂದ್ಗಡೆ ನೇತಾಡ್ತದೆ, ಅದು ನಮ್ ವಾರ್ಡ್ ಮೆಂಬ್ರು!"

"ಸರಿ ಬುಡು. ನೀನೇನಾದ್ರೂ ಹುಡುಕ್‌ಬುಟ್ರೆ ಇದೇ ಲಾರೀಲಿ, ಮುಂದಿನ್ ಸೀಟಲ್ಲಿ ಕೂರ್ಸಿ, ಮಾದಪ್ಪನ ಬೆಟ್ಟಕ್ಕೆ ಕರ್ಕೊಂಡ್ ಹೋಯ್ತೀನಿ."

"ಹುಡುಕ್ನಿಲ್ಲ ಅಂದ್ರೆ?"

"ಲಾರಿ ವಿಷ್ಯಕ್ಕೆ ಇನ್ ಬಾಯಾಕ್‌ಬಾರ್ದು. ಈ ಜನ್ಮದಲ್ಲಿ."

ಒಪ್ಪಿಕೊಂಡೆ. ಮಾದಪ್ಪ ನನ್ನ ಕಡೆ ಇದ್ದಾನೆ ಎಂಬ ಧೈರ್ಯ. ಮಾದಪ್ಪ ಯಾರ ಕಡೆಯೂ ಇರುವುದಿಲ್ಲ, ಬೆಟ್ಟದ ಮೇಲೆ ಕೂತು ಸುಮ್ಮನೆ ನೋಡುತ್ತಿರುತ್ತಾನೆ ಎಂಬುದು ಆಮೇಲೆ ತಿಳಿಯಿತು.

ನನ್ನ ಧೈರ್ಯಕ್ಕೆ ಆಧಾರವಿರಲಿಲ್ಲ ಎನ್ನಬೇಡಿ. ನನ್ನ ಶಾಲೆ ಹೈಸ್ಕೂಲಿನ ಗೇಟು ನೋಡುವ ಮೊದಲೇ ಮುಗಿದಿತ್ತು. ಆದರೆ ಹೊಲಿಗೆ ಮಿಷನ್ನು ಬಿಚ್ಚಿ ಜೋಡಿಸುವುದು, ಮಿಕ್ಸಿಯ ಸುಟ್ಟ ತಂತಿ ಬದಲಿಸುವುದು, ಎಲ್ಲವನ್ನೂ ನಾನೇ ನೋಡಿ ಕಲಿತವಳು. ಇವಕ್ಕೆಲ್ಲ ಮೇಲಾದ ಒಂದು ವಿದ್ಯೆ ಹುಟ್ಟಿನಿಂದಲೇ ಬಂದಿದೆ: ಕೇಳುವುದು! ನಮ್ಮ ಬೀದಿಯ ಹೆಂಗಸರೆಲ್ಲ ತಮ್ಮ ಕಷ್ಟವನ್ನು ನನ್ನ ಜಗಲಿಗೆ ತಂದು ಇಳಿಸುತ್ತಾರೆ. ನಾನು 'ಹೂಂ' ಎನ್ನುತ್ತೇನೆ. ಅರ್ಧ ಕಷ್ಟ ಅಲ್ಲೇ ಕರಗುತ್ತದೆ, ಉಳಿದರ್ಧ ಮಾದಪ್ಪನಿಗೆ. ಮನುಷ್ಯರ ಗೋಳನ್ನೇ ಇಷ್ಟು ತಾಳ್ಮೆಯಿಂದ ಕೇಳುವವಳಿಗೆ ಒಂದು ಮೋಟಾರಿನ ಗೋಳು ಯಾವ ಲೆಕ್ಕ?

ಲಾರಿಯ ವಿಷಯ ಹೇಳಬೇಕು. ಸೋಮವಾರ ಬಸವನ ವಾರ. ನಮ್ಮ ಮನೆತನದಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಟ್ಟವರಿಲ್ಲ. ಮೈತೊಳೆದು, ಹಣೆಗೆ ವಿಭೂತಿ ಇಟ್ಟು, ಕೈಮುಗಿದರೆ ಅವಕ್ಕೆ ಅಂದು ಪೂರಾ ರಜ. ಎತ್ತುಗಳ ಕಾಲ ಮುಗಿದು ಮನೆಗೆ ಈ ಮಿನಿ ಲಾರಿ ಬಂದ ದಿನವೇ ಅತ್ತೆ ತೀರ್ಪು ಕೊಟ್ಟರು: "ಹೊರೆ ಹೊರೋದು ಯಾವ್ದಾದ್ರೂ ಬಸವನೇ ಕಣ್ಲಾ." ಅಲ್ಲಿಗೆ ಲಾರಿಯ ಹೆಸರು ಬಸವ ಎಂದಾಯಿತು, ಸೋಮವಾರ ಅದಕ್ಕೂ ರಜ, ಅದಕ್ಕೂ ಸೇವೆ. ಊರವರು ನಗುತ್ತಾರೆ. ನಗಲಿ! ಹೆದ್ದಾರಿಯಲ್ಲಿ ಓಡುವ ಸಾವಿರಾರು ಲಾರಿಗಳಲ್ಲಿ ವಾರಕ್ಕೊಮ್ಮೆ ಹಣೆಗೆ ವಿಭೂತಿ ಇಟ್ಟುಕೊಂಡು ಮಲಗುವ ಭಾಗ್ಯ ಎಷ್ಟಕ್ಕಿದೆ?

ಇಂಥ ಭಾಗ್ಯವಂತ ಬಸವನ ಮೋಟಾರು ಕಾರ್ತಿಕದಲ್ಲಿ ತೆರಕಣಾಂಬಿಯ ಬಳಿ ಕೈಕೊಟ್ಟಿತು. ಮೊದಲು ಹೊಗೆ ಬಂತು, ಆಮೇಲೆ ಸದ್ದು ಬಂತು, ಆಮೇಲೆ ಏನೂ ಬರಲಿಲ್ಲ. ಯಜಮಾನರು ಮೈಸೂರಿನ ಗುಜರಿಗಳನ್ನೆಲ್ಲ ಸುತ್ತಿ, ಇಂಥದೇ ಒಂದು ಲಾರಿಯ ಮೋಟಾರನ್ನು ಹುಡುಕಿ ತಂದರು. ಆ ಲಾರಿ ನಜ್ಜುಗುಜ್ಜಾಗಿತ್ತು, ಮೋಟಾರು ಮಾತ್ರ ಗಟ್ಟಿಯಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಗುಂಡ್ಲುಪೇಟೆಯ ಮೆಕ್ಯಾನಿಕ್ ಸುನೀಲ್ ಕುಮಾರ್ ಹಳೆಯದನ್ನು ಇಳಿಸಿ ಇದನ್ನು ಕೂರಿಸಿದ. ಲಾರಿ ಮನೆಗೆ ಬಂದಾಗ ನಾನು ಆರತಿ ಎತ್ತಿ ಬರಮಾಡಿಕೊಂಡೆ. ಮನೆಗೆ ಬಂದ ಹೊಸ ಜೀವ! ಯಾರ ಮನೆಯ ಲಾರಿಯಲ್ಲಿತ್ತೋ, ಯಾವ ರಸ್ತೆಯಲ್ಲಿ ಏನೇನು ಕಂಡಿತ್ತೋ, ಪಾಪ. ಅದಕ್ಕೂ ಒಂದು ಶುದ್ಧಿ, ಒಂದು ಸಂಸ್ಕಾರ ಆಗಬೇಡವೇ? ಅದನ್ನೆಲ್ಲ ನಾನೇ ನೋಡಿಕೊಂಡೆ.

ಆ ಮೋಟಾರನ್ನು ತಂದದ್ದೇ ಅರಿಶಿನದ ಲೋಡನ್ನು ನಂಬಿ. ನಮ್ಮ ಯಜಮಾನರ ಅಕ್ಕನ ಗಂಡ ಶಾಂತಮಲ್ಲಪ್ಪನವರು ಉಡಿಗಾಲದಲ್ಲಿದ್ದಾರೆ. ತಾವು ಬೆಳೆದದ್ದು, ಊರವರಿಂದ ಕೊಂಡದ್ದು, ಎಲ್ಲ ಅರಿಶಿನವನ್ನೂ ಪ್ರತಿ ಮಂಗಳವಾರ ಚಾಮರಾಜನಗರದ ಮಂಡಿಗೆ ಕಳಿಸುವವರು. ಸುಗ್ಗಿ ಮುಗಿಯುವವರೆಗೆ ಆ ಲೋಡು ಬಸವನದೇ ಎಂದು ಮಾತಾಗಿತ್ತು.

ಮೊದಲ ಮಂಗಳವಾರ ಬೆಳಗಿನ ಜಾವ ಯಜಮಾನರು ಗಾಡಿ ಶುರು ಮಾಡಿದರು. ಮೀಟರಿನ ಪಕ್ಕದಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ಆಕ್ಸಿಲೇಟರ್ ಎಷ್ಟು ತುಳಿದರೂ ಬಸವ ನಡಿಗೆ ಬಿಟ್ಟು ಓಟಕ್ಕೆ ಇಳಿಯಲಿಲ್ಲ. ಬೇಗೂರು ದಾಟುವುದರೊಳಗೆ ಎಮ್ಮೆ ಹೊಡೆದುಕೊಂಡು ಹೋಗುವವರು ಓವರ್‌ಟೇಕ್ ಮಾಡಿದರಂತೆ! ಅರಿಶಿನ ಮಂಡಿ ಸೇರುವ ಹೊತ್ತಿಗೆ ಕೊಳ್ಳುವವರು ಕೈತೊಳೆದು ಊಟಕ್ಕೆ ಕೂತಿದ್ದರು.

ಮರುದಿನ ಸುನೀಲ್ ಕುಮಾರ್ ಬಳಿಗೆ ನಾನೂ ಹೋದೆ. ಅವನು ಸುಲ್ತಾನ್ ಬತ್ತೇರಿಯಲ್ಲಿ ಕೆಲಸ ಕಲಿತವನು. ಮಾತು ಕನ್ನಡ, ಗಾಬರಿ ಮಾತ್ರ ಮಲಯಾಳ.

"ಅಕ್ಕಾ, ಈಗಿನ್ ಮೋಟ್ರು ಮುಂಚಿನಂಗಲ್ಲ. ಇದ್ಕೆ ಕಣ್ಣು, ಕಿವಿ, ಮೂಗು ಎಲ್ಲಾ ಅದೆ. ಅದ್ನೇ ಸೆನ್ಸಾರು ಅನ್ನೋದು. ಒಂದು ಬಿಸಿ ನೋಡ್ತದೆ, ಒಂದು ಗಾಳಿ ನೋಡ್ತದೆ, ಒಂದು ಡೀಸೆಲ್ ಎಷ್ಟು ಜೋರಾಗ್ ಬತ್ತಾ ಅದೆ ಅಂತ ನೋಡ್ತದೆ. ಅದ್ರಲ್ಲಿ ಒಂದು ಸುಳ್ಳು ಹೇಳುದ್ರೂ ಮೋಟ್ರುಗೆ ಹೆದ್ರಿಕೆ ಆಗ್ಬುಡ್ತದೆ. ದೀಪ ಹಚ್ಕಂಡು ಮೆಲ್ಲಕ್ಕೆ ಹೋಯ್ತದೆ."

"ಹೆದ್ರಿಕೆ ಆದಾಗ ದೀಪ ಹಚ್ಚೋದು ಒಳ್ಳೇ ಸಂಸ್ಕಾರ ತಾನೆ?" ಎಂದೆ.

ಅವನು ನನ್ನನ್ನು ನೋಡಿದ, ಯಜಮಾನರನ್ನು ನೋಡಿದ, ಸ್ಪ್ಯಾನರ್ ಒರೆಸಿಕೊಂಡ.

"ಮೋಟ್ರು ಗುಜರೀದು, ವೈರಿಂಗು ನಿಮ್ ಹಳೇ ಲಾರೀದು. ಅಲ್ಲಲ್ಲಿ ವೈರು ಉದ್ದ ಮಾಡಿ ಸೇರ್ಸಿದೀನಿ. ಹೊಸ ಸೊಸೆ, ಹಳೇ ಅತ್ತೆ. ಹೊಂದ್ಕಳಕ್ಕೆ ಟೈಮ್ ಬೇಕು."

ನಮ್ಮ ಅತ್ತೆ ಅಲ್ಲಿರಲಿಲ್ಲ. ಅವನ ಪುಣ್ಯ!

ತಮಾಷೆಯೆಂದರೆ, ಅವನ ಗ್ಯಾರೇಜಿನಲ್ಲಿ ದೀಪ ಹತ್ತಲೇ ಇಲ್ಲ. ಡಾಕ್ಟರ ಮುಂದೆ ಕೂತ ತಕ್ಷಣ ಕೆಮ್ಮು ನಿಲ್ಲಿಸುವ ರೋಗಿಯಂತೆ ಬಸವ ಗುಮ್ಮನೆ ನಿಂತಿದ್ದ. ಸುನೀಲ್ ಕುಮಾರ್ ಮೋಟಾರಿನ ದೋಷ ತೋರಿಸುವ ತನ್ನ ಕೈಮಿಷನ್ನು ಹಾಕಿ ನೋಡಿ, ಡೀಸೆಲ್ ಒತ್ತಡದ ಸೆನ್ಸಾರನ್ನು ಬದಲಿಸಿದ. ವಾರವಿಡೀ ಬಸವ ಕುದುರೆಯಂತೆ ಓಡಿದ. ಮುಂದಿನ ಮಂಗಳವಾರ ಮತ್ತೆ ದೀಪ, ಮತ್ತೆ ಎಮ್ಮೆಗಳ ಓವರ್‌ಟೇಕು. ಬೇರೆ ಸೆನ್ಸಾರು ಬಂತು. ಅದರ ಮುಂದಿನ ಮಂಗಳವಾರವೂ ಅದೇ ಕಥೆ!

ಅಂದು ಶಾಂತಮಲ್ಲಪ್ಪನವರು ಫೋನು ಮಾಡಿದರು. ಅವರ ದನಿ ಫೋನು ಇಲ್ಲದೆಯೂ ಉಡಿಗಾಲದಿಂದ ಬೇಗೂರಿಗೆ ಕೇಳಿಸುವಂಥದು.

"ಸೋಮಶೇಖರ, ನೆಂಟಸ್ತನ ಬೇರೆ, ಅರಿಶಿನ ಬೇರೆ ಕಣಪ್ಪ. ಬರೋ ಮಂಗಳವಾರನೂ ನಿನ್ ಬಸವ ಹಿಂಗೇ ಮಾಡುದ್ರೆ ಈ ಸುಗ್ಗಿ ಲೋಡೆಲ್ಲ ಗುಂಡ್ಲುಪೇಟೆ ಗಾಡಿಗೆ. ಬ್ಯಾಸರ ಮಾಡ್ಕಬ್ಯಾಡ."

ಯಜಮಾನರು ಫೋನು ಇಟ್ಟು ಸುಮ್ಮನೆ ಲಾರಿಯನ್ನು ನೋಡುತ್ತಾ ಕೂತರು. ಅಂದಿನಿಂದ ಅವರ ತಟ್ಟೆಯಲ್ಲಿ ಎರಡನೇ ಮುದ್ದೆ ಹಾಗೇ ಉಳಿಯತೊಡಗಿತು. ನನಗೆ ಸೆನ್ಸಾರು ಗೊತ್ತಿಲ್ಲದಿರಬಹುದು. ಗಂಡ ಮುದ್ದೆ ಬಿಟ್ಟರೆ ಅದು ಯಾವ ದೀಪ ಎಂದು ಗೊತ್ತಿದೆ! ಆದ್ದರಿಂದಲೇ ಆ ಗುರುವಾರದ ಶಪಥ.

ಶುಕ್ರವಾರ ಬೆಳಿಗ್ಗೆ ನನ್ನ ತನಿಖೆ ಆರಂಭವಾಯಿತು. ಫೋನಿನಲ್ಲಿ ಯಾರೋ ಒಬ್ಬ ಕಬ್ಬಿಣದ ಸರಳಿನ ಒಂದು ತುದಿಯನ್ನು ಮೋಟಾರಿಗೂ ಇನ್ನೊಂದನ್ನು ಕಿವಿಗೂ ಇಟ್ಟು ಒಳಗಿನ ಸದ್ದು ಕೇಳುವುದನ್ನು ನೋಡಿದ್ದೆ. ಸರಳೇಕೆ? ನನ್ನ ಬಳಿ ಅದಕ್ಕಿಂತ ಒಳ್ಳೆಯದು, ನಡುವೆ ತೂತಿರುವಂಥದೇ ಇದೆ: ನೀರೊಲೆಯ ಊದುಗೊಳವೆ! ಯಜಮಾನರಿಗೆ ಗಾಡಿ ಶುರು ಮಾಡಲು ಹೇಳಿ, ಸೀಟು ಎತ್ತಿಸಿದೆ. ನಮ್ಮ ಲಾರಿಯಲ್ಲಿ ಮುಂದಿನ ಸೀಟು ಮೇಲಕ್ಕೆತ್ತಿದರೆ ಅದರ ಕೆಳಗೇ ಮೋಟಾರು. ಊದುಗೊಳವೆಯನ್ನು ಅದರ ಮೈಗೆ ಇಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿದೆ.

ಏನು ಕೇಳಿಸಿತು? ಟಕಟಕಟಕ. ಅದರ ಹಿಂದೆ ಒಂದು ಸೊರ್ರ್. ಅದರ ಹಿಂದೆ ಯಾವುದೋ ಒಂದು ದುಃಖ. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೂ ಅಭ್ಯಾಸಬಲದಿಂದ ತಲೆಯಾಡಿಸುತ್ತಾ "ಹೂಂ, ಹೂಂ" ಎಂದೆ.

"ಏನ್ ದಾನಕ್ಕ, ಲಾರಿಗೆ ಹೊಟ್ಟೆನೋವಾ?" ಎಂದಳು ಎದುರು ಮನೆಯ ನೀಲಾವತಿ, ನೀರಿನ ಬಿಂದಿಗೆ ಸೊಂಟದಲ್ಲೇ ಇಟ್ಟುಕೊಂಡು.

ಜಗಲಿಯಿಂದ ಅತ್ತೆಯ ಕೂಗು ಬಂತು: "ಲೋ ಸೋಮಶೇಖರ, ನೋಡ್ಲಾ ಇಲ್ಲಿ! ನಿನ್ ಹೆಂಡ್ರು ಮೋಟ್ರುಗೆ ಒಲೆ ಊದ್ತಾವ್ಳೆ!"

ಅಂದಿನ ತನಿಖೆಯ ಫಲ: ನನ್ನ ಕಿವಿಯ ಸುತ್ತ ದುಂಡನೆಯ ಮಸಿ. ಅದನ್ನು ತೊಳೆಯುತ್ತಾ ಯೋಚಿಸಿದೆ. ಮೋಟಾರು ಹೇಳಿದ್ದು ಅರ್ಥವಾಗಲಿಲ್ಲ, ಸರಿ. ಮನುಷ್ಯರು ಹೇಳುವುದು ಅರ್ಥವಾಗುತ್ತದಲ್ಲ! ಇಷ್ಟು ದಿನ ಎಲ್ಲರೂ ಯಜಮಾನರಿಗೆ ಹೇಳಿದವರೇ. ಯಾರಾದರೂ ಅವರಿಂದ ಕೇಳಿದರೇ?

ರಾತ್ರಿ ಊಟಕ್ಕೆ ಬಡಿಸಿ ಎದುರು ಕೂತೆ.

"ಮೊದಲಿಂದ ಹೇಳಿ. ಯಾವ್ ಯಾವತ್ತು ದೀಪ ಹತ್ತಿತು? ಯಾವತ್ತು ಹತ್ನಿಲ್ಲ?"

"ಯಾವತ್ತಂದ್ರೆ... ಬುಧವಾರ ಸುನೀಲನ ತಾವ ಹೋದಾಗ ಹತ್ನಿಲ್ಲ. ಗುರುವಾರ ತರಕಾರಿ ಲೋಡು, ಚೆನ್ನಾಗ್ ಓಡ್ತು. ಶುಕ್ರವಾರ, ಶನಿವಾರ ಏನೂ ಇಲ್ಲ. ಭಾನುವಾರನೂ ಇಲ್ಲ. ಸೋಮವಾರ ಗಾಡಿ ತೆಗೆಯಾದೇ ಇಲ್ವಲ್ಲ."

"ಅಂದ್ರೆ ಮಂಗಳವಾರ ಮಾತ್ರ."

ಯಜಮಾನರ ಕೈಯ ಮುದ್ದೆ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತು.

"ಹೌದಲ್ವಾ! ಮಂಗಳವಾರ ಮಾತ್ರ!"

ಕೈಮಿಷನ್ನು ಕಾಣದ್ದನ್ನು ನನ್ನ ಕಿವಿ ಕಂಡಿತ್ತು! ಆ ರಾತ್ರಿ ಯಜಮಾನರು ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು. ನನ್ನ ಹೆಮ್ಮೆಗೆ ಅಡುಗೆಮನೆ ಸಾಲದಾಯಿತು.

ಬೆಳಗಾಗುವುದರೊಳಗೆ ಈ ಶೋಧನೆಗೆ ಮೂರು ವ್ಯಾಖ್ಯಾನಗಳು ಹುಟ್ಟಿದವು. ಮಂಗಳವಾರ ಯಾರಾದರೂ ಲೋಡು ಎತ್ತುತ್ತಾರೆಯೇ ಎಂದರು ಅತ್ತೆ. ಕಣ್ಣಾಸರ, ಯಾರದೋ ದೃಷ್ಟಿ ಬಿದ್ದಿದೆ ಎಂದಳು ನೀಲಾವತಿ. ಸುನೀಲ್ ಕುಮಾರ್‌ಗೆ ಫೋನು ಮಾಡಿದರೆ, "ಅಕ್ಕಾ, ಸೆನ್ಸಾರ್‌ಗೆ ವಾರ ಗೊತ್ತಾಗಕಿಲ್ಲ" ಎಂದ.

ನಾನು ಮಾತ್ರ ಬೇರೆ ದಾರಿ ಹಿಡಿದೆ. ಜ್ವರ ಮಂಗಳವಾರ ಕಾಣಿಸಿಕೊಂಡರೆ ತಂಗಳು ತಿಂದದ್ದು ಸೋಮವಾರ! ಸೋಮವಾರ ಬಸವ ಇಡೀ ದಿನ ನಮ್ಮ ಮನೆಯ ಮುಂದೆಯೇ ನಿಂತಿರುತ್ತಾನೆ. ಅಂದರೆ ನಮ್ಮ ಮನೆಯ ಮುಂದೆಯೇ, ಹಾಡಹಗಲೇ, ಯಾರೋ ಬಂದು ಏನೋ ಮಾಡಿ ಹೋಗುತ್ತಿದ್ದಾರೆ! ವೈರು ಕಡಿಯುವ ಇಲಿಯೋ, ಎಲ್ಲೆಂದರಲ್ಲಿ ಹತ್ತುವ ನೀಲಾವತಿಯ ಕೋಳಿಯೋ, ನಮ್ಮ ಲೋಡಿನ ಮೇಲೆ ಕಣ್ಣಿಟ್ಟ ಎರಡು ಕಾಲಿನ ಪ್ರಾಣಿಯೋ?

ಕಾವಲಿಗೆ ಅತ್ತೆಗಿಂತ ಯೋಗ್ಯರು ಯಾರು? ಅವರ ಕಣ್ಣು ತಪ್ಪಿಸಿ ನಮ್ಮ ಬೀದಿಯಲ್ಲಿ ಎಲೆಯೂ ಉದುರುವುದಿಲ್ಲ.

"ಅತ್ತೆ, ಸೋಮವಾರ ನಸುಕ್ನಲ್ಲೇ ಜಗಲಿ ಮ್ಯಾಲೆ ಕೂತ್ಕಳಿ. ಲಾರಿ ಹತ್ರ ಯಾರ್ ಬಂದ್ರೂ ನೋಡ್ಕಂಡಿರ್‌ಬೇಕು. ಆದ್ರೆ ತಕ್ಷಣ ಕೂಗ್‌ಬಾರ್ದು, ಕಳ್ರು ಎಚ್ಚೆತ್ಕಂಬುಡ್ತಾರೆ. ಸಾಯಂಕಾಲ ಎಲ್ರ ಮುಂದೆ ನಾನ್ ಕೇಳ್ದಾಗ ಹೇಳ್‌ಬೇಕು."

"ಯಾರೇ ಬಂದ್ರೂವ?"

"ಯಾರೇ ಬಂದ್ರೂವೆ."

"ನಮ್ಮೋರೇ ಆದ್ರೂವ?"

"ನಮ್ಮೋರೇ ಆದ್ರೂ! ನ್ಯಾಯದ್ ಮುಂದೆ ನಮ್ಮೋರೇನು, ತಮ್ಮೋರೇನು ಅತ್ತೆ?"

"ಆಗ್ಲಿ ಬುಡು" ಎಂದು ಅವರು ಅಡಿಕೆ ಕತ್ತರಿಸಿದರು. ಸ್ವತಃ ನ್ಯಾಯದೇವತೆಯೇ ಬಾಯಿಗೆ ಎಲೆ ಹಾಕಿಕೊಂಡಂತಿತ್ತು.

ಸೋಮವಾರ ಬಂತು. ಅತ್ತೆ ಕಂಬಳಿ ಹೊದ್ದು ನಸುಕಿಗೇ ಜಗಲಿ ಹಿಡಿದರು. ನಾನು ತಲೆಗೆ ಮಿಂದು, ಲಿಂಗಪೂಜೆ ಮಾಡಿ, ಎಂದಿನಂತೆ ಬಸವನ ಸೇವೆ ಮುಗಿಸಿದೆ. ಇಷ್ಟೆಲ್ಲ ಪಣಕ್ಕಿಟ್ಟಿರುವಾಗ ದೈವಬಲ ಬೇಕಲ್ಲ! ಅಂದು ಸೇವೆಯನ್ನು ತುಸು ಧಾರಾಳವಾಗಿಯೇ ಮಾಡಿದೆ. ಆಮೇಲೆ ದಿನವೆಲ್ಲ ಒಳಗೆ ಓಡಾಡಿಕೊಂಡು, ಕಿಟಕಿಯಲ್ಲಿ ಇಣುಕುತ್ತಾ ಇದ್ದೆ. ಮಧ್ಯಾಹ್ನ ಅತ್ತೆಗೆ ಜಗಲಿಗೇ ತಟ್ಟೆ ಕೊಟ್ಟು ಪಿಸುಗುಟ್ಟಿದೆ.

"ಯಾರಾದ್ರೂ ಬಂದ್ರಾ?"

"ಬಂದ್ರು."

ನಾನು ಅವರ ಪಕ್ಕಕ್ಕೆ ಜರುಗಿದೆ. "ಯಾರತ್ತೆ?"

"ಸಾಯಂಕಾಲ ಹೇಳು ಅಂದ್ಯಲ್ಲ" ಎಂದು ಅವರು ಸಾರು ಕಲಸಿಕೊಂಡರು. ಆದರೆ ನನ್ನನ್ನು ನೋಡಿದ ಆ ನೋಟ! ಅಯ್ಯೋ, ಪರಿಚಯದವರೇ ಇರಬೇಕು, ಹೇಳಲು ಸಂಕೋಚಪಡುತ್ತಿದ್ದಾರೆ ಎಂದುಕೊಂಡೆ.

ಸಂಜೆಗೆ ದರ್ಬಾರು ಸೇರಿತು. ಮರುದಿನ ಬೆಳಿಗ್ಗೆ ಲಾರಿಯಲ್ಲಿ ತಾವೇ ಕೂತು ನೋಡುತ್ತೇನೆಂದು ಶಾಂತಮಲ್ಲಪ್ಪನವರು ಉಡಿಗಾಲದಿಂದ ಬಸ್ಸಿನಲ್ಲಿ ಬಂದಿಳಿದಿದ್ದರು. "ರೋಗ ಹಿಡ್ದಿದೀನಿ, ಬಾ" ಎಂದು ಸುನೀಲ್ ಕುಮಾರ್‌ನನ್ನು ಗುಂಡ್ಲುಪೇಟೆಯಿಂದ ಕರೆಸಿದ್ದೆ. ನೀಲಾವತಿ ಕರೆಯದೆ ಬಂದಿದ್ದಳು. ಎಲ್ಲರಿಗೂ ಕಾಫಿ ಕೊಟ್ಟೆ. ಅಪರಾಧಿಯ ಹೆಸರು ಹೊರಬೀಳುವ ಮೊದಲೇ ಕುಡಿಯುವುದು ಒಳ್ಳೆಯದು, ಆಮೇಲೆ ಬಾಯಿ ಕಹಿಯಾಗುತ್ತದೆ. ಊದುಗೊಳವೆಯನ್ನು ರಾಜದಂಡದಂತೆ ಹಿಡಿದು ಜಗಲಿಯ ಮೆಟ್ಟಿಲ ಮೇಲೆ ನಿಂತೆ.

"ಅಣ್ಣಾ, ನಿಮ್ ಅರಿಶಿನಕ್ಕೆ ಅಡ್ಡ ಬಂದೋರು ಯಾರು ಅಂತ ಈಗ ಗೊತ್ತಾಯ್ತದೆ. ಅತ್ತೆ, ಹೇಳಿ! ಯಾರಿಗೂ ಹೆದ್ರಬೇಡಿ."

ಅತ್ತೆ ಎಲೆಯ ರಸ ಉಗುಳಿ ಬಂದು, ಸೆರಗು ಸರಿಮಾಡಿಕೊಂಡರು.

"ಮೊದಲು ಒಂದ್ ನಾಯಿ ಬಂತು. ಚಕ್ರ ಮೂಸ್ತು. ಮನ್ಸ್ ಬರ್ನಿಲ್ಲ, ಹೋಯ್ತು."

"ಆಮೇಲೆ?"

"ನೀಲಾವತಿ ಕೋಳಿ ಬಂತು. ಕೆಳ್ಗಡೆ ಕೆದಕ್ತು. ಅದೂ ಹೋಯ್ತು."

"ನೋಡಿ, ನನ್ ಕೋಳಿ ಸಾಚಾ!" ಎಂದಳು ನೀಲಾವತಿ.

"ಆಮೇಲೆ ಒಬ್ಳು ಹೆಂಗ್ಸು ಬಂದ್ಲು."

ಶಾಂತಮಲ್ಲಪ್ಪನವರು ಕಾಫಿ ಲೋಟ ಕೆಳಗಿಟ್ಟರು.

"ಹೆಂಗ್ಸಾ!" ಎಂದೆ ನಾನು. "ನಾಚ್ಕೆ ಮಾನ ಇಲ್ದೋಳು! ಬೆಳ್ಳಂಬೆಳಿಗ್ಗೆ ಕಂಡೋರ ಲಾರಿ ತಾವ ಅವಳ್ಗೇನ್ ಕೆಲ್ಸ? ಮುಂದಕ್ಕೇಳಿ ಅತ್ತೆ!"

"ಒದ್ದೆ ತಲೆ. ಕೈಯಲ್ಲಿ ಚೊಂಬು."

"ಚೊಂ..." ಎಂದೆ. ಉಳಿದದ್ದು ಹೊರಗೆ ಬರಲಿಲ್ಲ.

"ಬಾಗ್ಲು ತೆಗುದ್ಲು. ಸೀಟು ಮ್ಯಾಲಕ್ಕೆತ್ತುದ್ಲು. ಬಾಯಲ್ಲಿ ಏನೋ ಗೊಣಗ್ಕಂಡು ಮೋಟ್ರು ನೆತ್ತಿ ಮ್ಯಾಲೆ ಒಂದ್ ಚೊಂಬು ನೀರ್ ಹುಯ್ದ್ಲು. ಸಾಲ್ದು ಅಂತ ಹಿತ್ಲಿಗೋಗಿ ಇನ್ನೊಂದ್ ಚೊಂಬು ತಂದು ಹುಯ್ದ್ಲು. ಇಬೂತಿ ಕಲ್ಸಿ ಬಳುದ್ಲು. ಕೈಮುಗುದ್ಲು. ಸೀಟು ಮುಚ್ಚುದ್ಲು."

"ಮಾಟ!" ಎಂದು ಶಾಂತಮಲ್ಲಪ್ಪನವರು ಎದ್ದೇ ನಿಂತರು. "ನನ್ ಅರಿಶಿನಕ್ಕೇ ಮಾಟ! ಯಾರತ್ತೆ ಅವ್ಳು? ಹೆಸ್ರು ಹೇಳಿ!"

ಅತ್ತೆ ನನ್ನ ಕಡೆ ತಿರುಗಿದರು.

"ನೀನೇ ಹೇಳ್‌ಬುಡಮ್ಮಿ. ನ್ಯಾಯದ್ ಮುಂದೆ ನಮ್ಮೋರು ತಮ್ಮೋರು ಇಲ್ಲ ಅಂದ್ಯಲ್ಲ."

ರಾಜದಂಡ ನನ್ನ ಕೈಯಲ್ಲಿ ಮತ್ತೆ ಊದುಗೊಳವೆಯಾಯಿತು.

"ಅದು ಮಾಟ ಅಲ್ಲ ಅಣ್ಣಾ... ಮಜ್ಜನ" ಎಂದೆ.

"ಮೋಟ್ರುಗಾ?" ಎಂದರು ಯಜಮಾನರು.

"ಮುಂಚೆ ಮುಂದಿನ್ ಚಕ್ರಕ್ಕೆ ಮಾತ್ರ ಮಾಡ್ತಿದ್ದೆ. ಈ ಮೋಟ್ರು ಬಂದ್ಮೇಲೆ... ಯಾರ್ ಮನೇದೋ ಏನೋ, ಶುದ್ಧ ಆಗ್ಲಿ, ನಮ್ ಮನೇದಾಗ್ಲಿ ಅಂತ... ನಾನ್ ಕಳ್ರನ್ನ ನೋಡಿ ಅಂದಿದ್ದು. ಪೂಜೆ ಮಾಡೋರೂ ಲೆಕ್ಕಕ್ಕೆ ಬರ್ತಾರೆ ಅಂತ ನಂಗೇನ್ ಗೊತ್ತು?"

ಸುನೀಲ್ ಕುಮಾರ್ ಆಗಲೇ ಲಾರಿಯೊಳಗೆ ತಲೆ ಹಾಕಿದ್ದ. ಸೀಟು ಎತ್ತಿ ಟಾರ್ಚು ಬಿಟ್ಟ. ಮೋಟಾರಿನ ನೆತ್ತಿಯ ಮೇಲೆಯೇ ಡೀಸೆಲ್ ಒತ್ತಡದ ಸೆನ್ಸಾರು ಕೂತಿತ್ತು. ಅದಕ್ಕೆ ಸಿಕ್ಕಿಸಿದ್ದ ವೈರಿನ ಸಾಕೆಟ್ಟನ್ನು ಎಳೆದು ನೋಡಿದ. ಒಳಗೆ ನೀರು. ನೀರಿನಲ್ಲಿ ಬೆಳ್ಳನೆಯ ಕೆಸರು. ಕೆಸರಿನಲ್ಲಿ ಒಂದು ಮಲ್ಲಿಗೆ ಎಸಳು.

"ಎಂತಾ ಇದು!" ಎಂದು ಮಲಯಾಳದಲ್ಲಿ ಬೆಚ್ಚಿಬಿದ್ದ. "ಅಕ್ಕಾ, ಪ್ರತಿ ವಾರ ಈ ಬಿಳೀ ಪುಡಿ ಕೆರ್ದು ಕೆರ್ದು ಬಿಸಾಕಿದ್ದೀನಲ್ಲ! ಗುಜರಿ ಮೋಟ್ರು, ತುಕ್ಕು ಹಿಡ್ದದೆ ಅಂದ್ಕಂಡಿದ್ದೆ!"

"ಪ್ರಸಾದ ಬಿಸಾಕ್‌ಬುಟ್ಯಾ?" ಎಂದೆ ನಾನು. ಸಿಕ್ಕಿಬಿದ್ದಿದ್ದೇನೆ ಎಂಬುದು ಅರೆಕ್ಷಣ ಮರೆತೇಹೋಗಿತ್ತು.

ಎಲ್ಲವೂ ಸರಿಹೊಂದಿತು. ಸೋಮವಾರ ಮಜ್ಜನ. ಮಂಗಳವಾರ ಬೆಳಿಗ್ಗೆ ಸೆನ್ಸಾರು ಒದ್ದೆ. ಅದು ಮೋಟಾರಿಗೆ ಏನೇನೋ ಸುಳ್ಳು ಹೇಳುತ್ತದೆ. ಮೋಟಾರು ಹೆದರಿ ದೀಪ ಹಚ್ಚಿಕೊಳ್ಳುತ್ತದೆ. ಉಡಿಗಾಲ, ಚಾಮರಾಜನಗರ ಸುತ್ತಿ ಬರುವುದರೊಳಗೆ ಬಿಸಿಗೆ ನೀರೆಲ್ಲ ಆರಿ, ಬುಧವಾರ ಗುಂಡ್ಲುಪೇಟೆಯಲ್ಲಿ ಬಸವ ಸಂಪೂರ್ಣ ಆರೋಗ್ಯವಂತ!

ಆದರೆ ನಾನು ಸುಲಭಕ್ಕೆ ಶರಣಾಗುವವಳಲ್ಲ. "ಅಲ್ಲ ಸುನೀಲ, ಆ ಸಾಕೆಟ್ಟು ನೀರೊಳಕ್ಕೆ ಬುಟ್ಕಂಡಿದ್ದಾದ್ರೂ ಯಾಕೆ?" ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. ವೈರು ಉದ್ದ ಮಾಡಿ ಸೇರಿಸುವಾಗ ಒಳಗೆ ರಬ್ಬರ್ ವಾಷರ್ ಹಾಕಲು ಮರೆತಿದ್ದನಂತೆ. ಹಾಗಾದರೆ ತಪ್ಪಿನಲ್ಲಿ ಅವನದೂ ಪಾಲಿದೆ! ಜಗಲಿಯ ಮೇಲೆ ನನ್ನ ತಲೆ ಸ್ವಲ್ಪ ಎದ್ದಿತು.

"ಈಗ ಇದ್ನ ಒಣಗ್ಸೋದು ಹೆಂಗೆ? ಗಾಳಿ ಹೊಡಿಯೋ ಮಿಷನ್ನು ಗ್ಯಾರೇಜಲ್ಲದೆ. ಬಟ್ಟೆ ಒಳಕ್ ಹೋಗಕಿಲ್ಲ" ಎಂದ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ನನ್ನ ಕೈ ನೋಡಿಕೊಂಡೆ.

"ಸರೀರಿ ಎಲ್ರೂ!" ಎಂದೆ.

ಹಸಿ ಸೌದೆಗೂ ಜ್ವಾಲೆ ಬರಿಸಿದ ಉಸಿರು ಇದು! ಊದುಗೊಳವೆಯನ್ನು ಸಾಕೆಟ್ಟಿನ ಬಾಯಿಗೆ ಹಿಡಿದು, ಮಾದಪ್ಪನನ್ನು ನೆನೆದು, ಒಂದು ಸಲ ಊದಿದೆ. ವಿಭೂತಿ ನೀರೆಲ್ಲ ಸಿಡಿದು ಸುನೀಲ್ ಕುಮಾರನ ಹಣೆಗೆ ಹೋಗಿ ಕೂತಿತು. ಅವನಿಗೂ ಶುದ್ಧಿಯಾಯಿತು. ಊದಿದೆ, ಊದಿದೆ, ಸಾಕೆಟ್ಟು ಒಣಗಿ ಕೊಬ್ಬರಿಯಾಗುವವರೆಗೆ ಊದಿದೆ. ಅವನು ವಾಷರ್ ಹಾಕಿ, ಟೇಪು ಸುತ್ತಿ, ಸಿಕ್ಕಿಸಿದ. ಯಜಮಾನರು ಕೀಲಿ ತಿರುಗಿಸಿದರು. ಹಳದಿ ದೀಪ ಒಮ್ಮೆ ಮಿನುಗಿ, ಆರಿತು. ಬಸವ ಗುಟುರು ಹಾಕಿದ!

ಮರುದಿನ ಮಂಗಳವಾರ. ಅರಿಶಿನ ತುಂಬಿಕೊಂಡು ಬಸವ ಓಡಿದ ಓಟಕ್ಕೆ ಮಂಡಿಯ ಗೇಟು ತೆಗೆಯುವವನೇ ಇನ್ನೂ ಬಂದಿರಲಿಲ್ಲವಂತೆ. ಚಾಮರಾಜನಗರದಿಂದಲೇ ಶಾಂತಮಲ್ಲಪ್ಪನವರು ಫೋನು ಮಾಡಿದರು.

"ತಂಗ್ಯವ್ವ, ಈ ಸುಗ್ಗಿ ಲೋಡೆಲ್ಲ ನಿಮ್ದೇ. ಒಂದೇ ಒಂದ್ ಮಾತು. ಮೂಟೆಗೆ ಮಾತ್ರ ಮಜ್ಜನ ಮಾಡ್‌ಬ್ಯಾಡ."

ಸುನೀಲ್ ಕುಮಾರ್ ಈಗ ಗ್ಯಾರೇಜಿಗೆ ಹಳದಿ ದೀಪದ ಗಾಡಿ ಬಂದರೆ ಮೊದಲು ಕೈಮಿಷನ್ನು ಹಾಕುವುದಿಲ್ಲವಂತೆ. "ಮನೇಲಿ ದೈವಭಕ್ತಿ ಹೆಂಗದೆ?" ಎಂದು ಕೇಳುತ್ತಾನಂತೆ. ಮೆಕ್ಯಾನಿಕ್ ವಿದ್ಯೆಗೆ ಇದು ನನ್ನ ಕಾಣಿಕೆ ಎಂದೇ ತಿಳಿದಿದ್ದೇನೆ.

ಉಳಿದದ್ದು ಪಂದ್ಯ.

"ಕಳ್ರನ್ನ ಹಿಡ್ದೋಳೂ ನೀನೇ, ಕಳ್ಳೀನೂ ನೀನೇ. ಇದ್ರಲ್ಲಿ ಗೆದ್ದೋರು ಯಾರು?" ಎಂದರು ಯಜಮಾನರು.

"ರೋಗ ಹುಡುಕ್‌ಬೇಕು ಅಂತ ಪಂದ್ಯ. ಯಾರು ಅಂಟ್ಸಿದ್ರು ಅಂತ ಪಂದ್ಯದಲ್ಲಿ ಇರ್ನಿಲ್ಲ!"

ಅವರು ಒಪ್ಪಿದರು. ನನ್ನ ವಾದಕ್ಕೆ ಸೋತೋ, ಎರಡನೇ ಮುದ್ದೆಯ ಋಣಕ್ಕೋ, ತಿಳಿಯದು. ಮುಂದಿನ ಭಾನುವಾರ ಬಸವನಿಗೆ ಚೆಂಡುಹೂವಿನ ಹಾರ ಹಾಕಿ ಮಾದಪ್ಪನ ಬೆಟ್ಟಕ್ಕೆ ಹೊರಟು ನಿಂತೆವು. ಯಜಮಾನರೇ ಬಾಗಿಲು ತೆಗೆದು, ಕೈಹಿಡಿದು ಹತ್ತಿಸಿ, ಮುಂದಿನ ಸೀಟಿನಲ್ಲಿ ಕೂರಿಸಿದರು. ಕೆಳಗೆ ಗುಡುಗುಡು ಎನ್ನುವ ಮೋಟಾರು, ಮೇಲೆ ನಾನು! ಬೀದಿಯೆಲ್ಲ ನೋಡುತ್ತಿತ್ತು. ಆನೆಯ ಮೇಲಿನ ಅಂಬಾರಿಯಲ್ಲಿ ಕೂತಂತಾಗಿ, ನೀಲಾವತಿಯನ್ನು ಕೂಗಿ ಹೇಳಿದೆ:

"ನೋಡ್ದಾ ನೀಲಾವತಿ, ರೋಗ ಹುಡುಕ್ದೋರ್ಗೆ ನಮ್ ಮನೇಲಿ ಎಂಥ ಮರ್ಯಾದೆ! ಬೆಟ್ಟದಲ್ಲಿ ಗಾಡಿ ನಿಲ್ಸಿ ಮಲಗುವಾಗ್ಲೂ ಈ ಸೀಟು ನನ್ಗೇ ಅಂತೆ. ನಾಳೆ ಬೆಳಗಿನ ಗಂಟ ಇಳಿಯಂಗೇ ಇಲ್ಲ ಅಂತ ಹೇಳವ್ರೆ!"

ಜಗಲಿಯಿಂದ ಅತ್ತೆ ಇಳಿದು ಬಂದರು. ಕಿಟಕಿಯೊಳಗೆ ಕೈ ಹಾಕಿ, ನನ್ನ ಮಡಿಲಲ್ಲಿದ್ದ ಚೊಂಬನ್ನು ಮೆಲ್ಲಗೆ ಎತ್ತಿಕೊಂಡು ನೀಲಾವತಿಯ ಕಡೆ ತಿರುಗಿದರು.

"ಮರ್ವಾದೆ ಅಲ್ಲ ಕಣಮ್ಮಿ. ನಾಳೀಕೆ ಸೋಮವಾರ. ಇವ್ಳು ಮ್ಯಾಲ್ ಕೂತಿದ್ರೆ ಆ ಸೀಟ ಎತ್ತಕ್ಕಾಗಕಿಲ್ವಲ್ಲ, ಅದ್ಕೆ."